ನೋವಿಲ್ಲದ ಹನ್ನೊಂದು ವಾರಗಳು



ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಹಾಗೂ ಗ್ಯಾಸ್ ಸಿಲಿಂಡರ್ ಬಂದ ದಿನದ ಗುರುತುಗಳ ನಡುವೆ, 2024ರ ಫೆಬ್ರವರಿಯಿಂದ ಇನ್ನೊಂದು ಲೆಕ್ಕವೂ ಸೇರಿಕೊಂಡಿದೆ. ಪ್ರತಿ ದಿನದ ಚೌಕದ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಅಂಕೆ, ಸೊನ್ನೆಯಿಂದ ಹತ್ತರ ಒಳಗೆ. ಮನೆಗೆ ಬಂದವರು ಅದನ್ನು ಮಳೆಯ ಲೆಕ್ಕವೆಂದು ತಿಳಿಯುತ್ತಾರೆ. ಕಾಫಿ ತೋಟಗಳ ನಮ್ಮ ಸೀಮೆಯಲ್ಲಿ ಮಳೆಯನ್ನು ಹಾಗೆ ಬರೆದಿಡುವ ಹಿರಿಯರು ಬಹಳ ಮಂದಿ ಇದ್ದಾರೆ. ಆದರೆ ಇದು ಮಳೆಯ ಲೆಕ್ಕವಲ್ಲ, ನನ್ನ ಸೊಂಟದ ನೋವಿನ ಲೆಕ್ಕ.

"ಬೆನ್ನುಮೂಳೆಯ ಕೀಲಿಗೇ ಇಂಜೆಕ್ಷನ್ ಹಾಕಿಸಿಕೊಂಡಿರಂತೆ, ಎಷ್ಟು ದಿನ ತಡೆಯುತ್ತದೆ?" ವಿಷಯ ತಿಳಿದವರೆಲ್ಲ ನನ್ನನ್ನು ಮೊದಲು ಕೇಳುವುದು ಇದನ್ನೇ. ಅದು ಹೇಗೆ ಕೆಲಸ ಮಾಡುತ್ತದೆ ಎಂದಾಗಲಿ, ನೋವಾಯಿತೇ ಎಂದಾಗಲಿ ಯಾರೂ ಕೇಳುವುದಿಲ್ಲ. ಅವರನ್ನು ನಾನು ದೂರಲಾರೆ. ಚಿಕಿತ್ಸೆಯ ಮೇಜಿನ ಮೇಲೆ ಬೋರಲಾಗಿ ಮಲಗಿದ್ದಾಗ ನಾನೂ ವೈದ್ಯರನ್ನು ಕೇಳಿದ್ದು ಅದೇ ಪ್ರಶ್ನೆಯನ್ನು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳಿಗೆ ಪ್ರತಿಯೊಂದು ಪ್ರಶ್ನೆಗೂ ಒಂದು ಅಂಕೆಯ ಉತ್ತರ ಬೇಕೆನಿಸುವುದು ಸಹಜ. ನನಗೆ ಆ ಅಂಕೆ ಅಷ್ಟೊಂದು ಅವಶ್ಯವಾಗಲು ಬೇರೊಂದು ಕಾರಣವೂ ಇತ್ತು. ಅದು ಪಕ್ಕದ ಕೋಣೆಯಲ್ಲಿ ಮಲಗಿರುವ ನನ್ನ ತಾಯಿ.

2021ರ ಮಳೆಗಾಲದಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಅಮ್ಮ ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತಾದರೂ ಅವರ ಕಾಲಿಗೆ ನಡೆಯುವ ಧೈರ್ಯ ಮರಳಲಿಲ್ಲ. ನಾನು ಅವಿವಾಹಿತೆ. ತಮ್ಮನ ಸಂಸಾರ ಚಿಕ್ಕಮಗಳೂರಿನಲ್ಲಿದೆ. ಮೂಡಿಗೆರೆಯಾಚೆಯ ನಮ್ಮ ಹಳೆಯ ಮನೆಯಲ್ಲಿ ನಾವಿಬ್ಬರೇ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಹಾಸಿಗೆಗೆ ದಿನಕ್ಕೆ ಆರೇಳು ಸಲ ಅವರನ್ನು ಎತ್ತಿ ಕೂರಿಸುವುದು ನನ್ನ ಪಾಲಿನ ಕೆಲಸ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ನನ್ನ ಸೊಂಟದ ಎಡಬದಿಯಲ್ಲಿ, ಬೆನ್ನುಮೂಳೆಗೆ ಒತ್ತಿದಂತೆ, ಒಂದು ನೋವು ಮನೆ ಮಾಡಿತು. ಕುಳಿತರೆ ಕಡಿಮೆ, ಮುಂದಕ್ಕೆ ಬಾಗಿದರೆ ಇನ್ನೂ ಕಡಿಮೆ. ನೆಟ್ಟಗೆ ನಿಂತು ಹಿಂದಕ್ಕೆ ವಾಲಿದರೆ ಮಾತ್ರ ಯಾರೋ ಬೆರಳಿನಿಂದ ಒತ್ತಿ ಹಿಡಿದ ಹಾಗೆ. ಭಾನುವಾರದ ಪೂಜೆಯಲ್ಲಿ ಮೊಣಕಾಲೂರುವುದಕ್ಕಿಂತ ಎದ್ದು ನಿಲ್ಲುವ ಹೊತ್ತೇ ಕಷ್ಟವಾಗತೊಡಗಿದಾಗ ಮಂಗಳೂರಿನ ಒಂದು ಆಸ್ಪತ್ರೆಗೆ ಹೋದೆ.

ಅಲ್ಲಿಗೆ ಹೋಗುವ ಮುಂಚೆ ಬೇರೆ ಒಂದು ಕಡೆ ತೋರಿಸಿದ್ದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, "ಕೀಲು ಸವೆದಿದೆ, ಒಂದು ಇಂಜೆಕ್ಷನ್ ಕೊಟ್ಟರೆ ವರ್ಷ ನಿಶ್ಚಿಂತೆ" ಎಂದಿದ್ದರು. ಮಂಗಳೂರಿನ ವೈದ್ಯರು ಅದೇ ಚಿತ್ರವನ್ನು ನೋಡಿ, "ನಿಮ್ಮ ವಯಸ್ಸಿನ ನೂರು ಜನರ ಬೆನ್ನನ್ನು ಹೀಗೆ ಚಿತ್ರ ತೆಗೆದರೆ ನೋವೇ ಇಲ್ಲದ ಎಷ್ಟೋ ಮಂದಿಯಲ್ಲೂ ಈ ಸವೆತ ಕಾಣುತ್ತದೆ. ಚಿತ್ರಕ್ಕೆ ನೋವಾಗುವುದಿಲ್ಲ ನೋಡಿ, ನೋವಾಗುವುದು ನಿಮಗೆ" ಎಂದರು. ಆ ಮಾತು ನನಗೆ ಹಿಡಿಸಿತು.

ಓದುಗರೇ, ಈ ಕೀಲುಗಳ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೆನ್ನುಮೂಳೆಯ ಒಂದು ಬಿಲ್ಲೆಯ ಮೇಲೆ ಇನ್ನೊಂದು ಕುಳಿತಿರುವುದನ್ನೂ ಅವುಗಳ ನಡುವಿನ ಡಿಸ್ಕನ್ನೂ ನಾವೆಲ್ಲ ಕೇಳಿ ಬಲ್ಲೆವು. ಅವುಗಳ ಹಿಂಬದಿಯಲ್ಲಿ, ಪ್ರತಿ ಜೋಡಿಯ ಎಡಕ್ಕೊಂದು ಬಲಕ್ಕೊಂದರಂತೆ, ಬಾಗಿಲಿನ ತಿರುಗಣಿಗಳ ಹಾಗೆ ಎರಡು ಪುಟ್ಟ ಕೀಲುಗಳಿವೆ. ಇವೇ ಫ್ಯಾಸೆಟ್ ಕೀಲುಗಳು. ಮೊಣಕಾಲಿನ ಕೀಲಿಗಿರುವಂತೆ ಇವಕ್ಕೂ ಮೃದ್ವಸ್ಥಿಯುಂಟು, ಒಳಪೊರೆಯುಂಟು, ಜಾರುವ ದ್ರವವುಂಟು. ಆದುದರಿಂದ ಮೊಣಕಾಲಿಗೆ ಬರುವ ಸವೆತವೂ ಉರಿಯೂತವೂ ಇವಕ್ಕೆ ಬರಬಹುದು. ಸೊಂಟದ ಕೀಲೊಂದರ ಒಳಗೆ ಹಿಡಿಸುವುದು ಒಂದು ಅಥವಾ ಒಂದೂವರೆ ಮಿಲಿಲೀಟರ್ ಮಾತ್ರ. ಔಷಧಿ ಕುಡಿಯುವ ಚಮಚೆಯ ಕಾಲು ಭಾಗ ಎನ್ನಿ. ಬೆನ್ನುನೋವಿಗೆ ಈ ಕೀಲುಗಳು ಕಾರಣವಾಗಿರಬಹುದೆಂದು ಅಮೆರಿಕದ ಗೋಲ್ಡ್‌ಥ್ವೇಟ್ ಎಂಬ ವೈದ್ಯರು 1911ರಲ್ಲೇ ಬರೆದಿದ್ದರು. 1933ರಲ್ಲಿ ಘೋರ್ಮ್ಲಿ ಎಂಬವರು ಅದಕ್ಕೊಂದು ಹೆಸರನ್ನೂ ಕೊಟ್ಟರು. ಮರುವರ್ಷವೇ ಡಿಸ್ಕ್ ಜಾರುವ ವಿಷಯ ಬೆಳಕಿಗೆ ಬಂದು ವೈದ್ಯಲೋಕದ ಗಮನವೆಲ್ಲ ಅತ್ತ ಹರಿಯಿತು. ಪಾಪ, ಈ ಕೀಲುಗಳು ನಾಲ್ಕು ದಶಕ ಹೆಚ್ಚುಕಡಿಮೆ ಮರೆತೇ ಹೋದವು.

ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನನ್ನು ಮೇಜಿನ ಮೇಲೆ ಹೊಟ್ಟೆಯಡಿ ದಿಂಬಿಟ್ಟು ಮಲಗಿಸಿದರು. ಎಕ್ಸ್‌ರೇ ಯಂತ್ರದ ಬಾಗಿದ ತೋಳು ಬೆನ್ನಿನ ಮೇಲೆ ಬಂದು ನಿಂತಿತು. ಮೇಜಿಗೇರುವ ಮುನ್ನ ಔಷಧಿಗಳನ್ನು ನೋಡಿದ್ದೆ: ಒಂದು ನೀರಿನಂತೆ ತಿಳಿ, ಇನ್ನೊಂದು ತೆಳುಹಾಲಿನಂತೆ ಬಿಳಿ. ತಿಳಿಯಾದುದು ಅರಿವಳಿಕೆ, ಬಿಳಿಯದು ಸ್ಟೀರಾಯ್ಡ್. ಸೂಜಿ ಚುಚ್ಚಿದ್ದು ದಂತವೈದ್ಯರ ಇಂಜೆಕ್ಷನ್ನಿಗಿಂತ ಹೆಚ್ಚಿನ ನೋವೇನಲ್ಲ. "ಎಷ್ಟು ದಿನ ಡಾಕ್ಟರೇ?" ಎಂದು ಕೇಳಿದ್ದು ಆಗಲೇ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಮೊದಲು ಎಷ್ಟು ಗಂಟೆ ಎಂದು ನೋಡೋಣ" ಎಂದರು. ತಮಾಷೆಯೆಂದುಕೊಂಡೆ.

ಎದ್ದು ನಿಂತಾಗ ನೋವಿರಲಿಲ್ಲ. ಕಡಿಮೆಯಾಗಿತ್ತು ಎಂದಲ್ಲ, ಇರಲೇ ಇಲ್ಲ. ಜೊತೆಗೆ ಬಂದಿದ್ದ ತಮ್ಮನ ಎದುರು ನೆಟ್ಟಗೆ ನಿಂತು ಹಿಂದಕ್ಕೆ ಬಾಗಿ ತೋರಿಸಿದೆ. ಎರಡು ಗಂಟೆಯ ಬಸ್ಸು ಹಿಡಿದೆವು. ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ಎಡಕ್ಕೂ ಬಲಕ್ಕೂ ತೂಗಾಡುತ್ತಿದ್ದರೂ ನನ್ನ ಸೊಂಟ ಬೇರೆ ಯಾರದ್ದೋ ಎಂಬಂತೆ ಸುಮ್ಮನಿತ್ತು. ಆ ಕಣಿವೆಯನ್ನು ಅಷ್ಟು ಹಗುರಾಗಿ ನೋಡಿ ಎಷ್ಟು ಕಾಲವಾಗಿತ್ತೋ! ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಐದು ದಾಟಿತ್ತು. ಎಲ್ಲರಂತೆ ನಾವೂ ನೀರುದೋಸೆ ತಿನ್ನಲು ಇಳಿದೆವು. ಎರಡನೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಳೆಯ ಬೆರಳು ಹಳೆಯ ಜಾಗದಲ್ಲೇ ಮೆಲ್ಲನೆ ಒತ್ತಿತು.

ದೋಸೆ ಗಂಟಲಿನಿಂದ ಇಳಿಯಲಿಲ್ಲ. ಒಂದು ವರ್ಷದ ನಿಶ್ಚಿಂತೆ ಆರು ಗಂಟೆಯಲ್ಲಿ ಮುಗಿದುಹೋಯಿತಲ್ಲ ಎಂದು ಅಳುವೇ ಬಂದಿತ್ತು. ತಮ್ಮ ಆಸ್ಪತ್ರೆಗೆ ಫೋನು ಮಾಡಿದ. ವೈದ್ಯರು ತಾಳ್ಮೆಯಿಂದಲೇ ವಿವರಿಸಿದರು. ಒಂದೇ ಇಂಜೆಕ್ಷನ್ನಿನಲ್ಲಿ ಎರಡು ಗಡಿಯಾರಗಳಿರುತ್ತವೆ. ಅರಿವಳಿಕೆಯ ಗಡಿಯಾರ ಕೂಡಲೇ ಓಡತೊಡಗುತ್ತದೆ: ಲಿಗ್ನೋಕೇನ್ ಆದರೆ ಒಂದೆರಡು ಗಂಟೆ, ಬುಪಿವಕೇನ್ ಆದರೆ ಅದಕ್ಕಿಂತ ಕೆಲವು ಗಂಟೆ ಹೆಚ್ಚು. ಅದು ನಿಂತಾಗ ಹಳೆಯ ನೋವು, ಕೆಲವೊಮ್ಮೆ ಸೂಜಿಯ ನೋವನ್ನೂ ಕೂಡಿಸಿಕೊಂಡು, ಮರಳುತ್ತದೆ. ಸ್ಟೀರಾಯ್ಡಿನ ಗಡಿಯಾರ ನಿಧಾನದ್ದು. ಆ ಬಿಳಿಯ ದ್ರವದಲ್ಲಿ ಸುಲಭವಾಗಿ ಕರಗದ ಸೂಕ್ಷ್ಮ ಹರಳುಗಳಿವೆ. ಅವು ಕರಗಿ ಉರಿಯೂತ ತಗ್ಗಲು ಎರಡು ಮೂರು ದಿನವಾದೀತು, ಒಂದೆರಡು ವಾರವೂ ಆದೀತು. "ಆರು ಗಂಟೆ ಪೂರ್ತಿ ನೋವಿರಲಿಲ್ಲ ತಾನೇ? ಅದು ಒಳ್ಳೆಯ ಸುದ್ದಿ. ಬರೆದಿಡಿ" ಎಂದರು. ಕ್ಯಾಲೆಂಡರಿನ ಲೆಕ್ಕ ಶುರುವಾದದ್ದು ಆ ರಾತ್ರಿ. ಮೊದಲ ಅಂಕೆ 7.

ನನ್ನಂತೆ ಸಕ್ಕರೆ ಕಾಯಿಲೆ ಇರುವವರಿಗೊಂದು ಮಾತು. ಸ್ಟೀರಾಯ್ಡ್ ಕೀಲಿನೊಳಗೇ ಉಳಿದುಬಿಡುವುದಿಲ್ಲ, ರಕ್ತಕ್ಕೂ ಸೇರುತ್ತದೆ. ನನ್ನ ಸಕ್ಕರೆ ಐದಾರು ದಿನ ಏರಿಯೇ ಇತ್ತು. ಮುಖ ಕೆಂಪಾಗಿ ಎರಡು ರಾತ್ರಿ ನಿದ್ರೆ ಬರಲಿಲ್ಲ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು.

ಐದನೆಯ ದಿನ ಅಂಕೆ 4ಕ್ಕಿಳಿಯಿತು. ಒಂಬತ್ತನೆಯ ದಿನ 1. ಆಮೇಲೆ ಬರೀ ಸೊನ್ನೆಗಳ ಸಾಲು.

ಈಗ ನಾನು ಹೇಳಬೇಕಾಗಿರುವುದು ನನಗೆ ಹೆಮ್ಮೆಯ ವಿಷಯವಲ್ಲ. ಆ ಸೊನ್ನೆಗಳನ್ನು ನಾನು ಹೇಗೆ ಖರ್ಚು ಮಾಡಿದೆನೆಂದು ಕೇಳಿ. ಹೊರಡುವಾಗ ಆಸ್ಪತ್ರೆಯಲ್ಲಿ ವ್ಯಾಯಾಮದ ಒಂದು ಹಾಳೆ ಕೊಟ್ಟು, "ಇಂಜೆಕ್ಷನ್ ನೋವನ್ನು ಸ್ವಲ್ಪ ಕಾಲ ದೂರ ಇಡುತ್ತದೆ, ಆ ಹೊತ್ತಿನಲ್ಲಿ ಬೆನ್ನಿನ ಸ್ನಾಯುಗಳನ್ನು ಬಲಪಡಿಸಿಕೊಳ್ಳಿ" ಎಂದಿದ್ದರು. ಹಾಳೆಯನ್ನು ಬೈಬಲಿನ ಪಕ್ಕದ ಪುಸ್ತಕದಲ್ಲಿ ಭದ್ರವಾಗಿಟ್ಟೆ. ಅದು ಮೆಣಸು ಕೊಯ್ಲಿನ ಕಾಲ. ಅಂಗಳದಲ್ಲಿ ಚಾಪೆ ಹಾಸಿ ಮೆಣಸು ಹರಡುವುದು, ಸಂಜೆ ಗುಡಿಸಿ ಕೂಡಿಡುವುದು, ಮರುದಿನ ಮತ್ತೆ ಹರಡುವುದು. ಎರಡು ವರ್ಷ ಆಳಿಗೆ ಬಿಟ್ಟಿದ್ದನ್ನು ನಾನೇ ಮಾಡಿದೆ. ಅಟ್ಟದ ಕಬ್ಬಿಣದ ಪೆಟ್ಟಿಗೆಯನ್ನು ಒಬ್ಬಳೇ ಇಳಿಸಿದೆ. ಏಪ್ರಿಲಿನಲ್ಲಿ ಹಲಸಿನ ಹಪ್ಪಳ ಒತ್ತಿದ್ದು ಇನ್ನೂರು. ಅಮ್ಮನನ್ನು ಎತ್ತಲು ಸಹಾಯಕ್ಕೆ ಬರುತ್ತಿದ್ದ ಹುಡುಗಿಗೆ, "ಇನ್ನು ಬೇಡಮ್ಮ, ನನಗೆ ವಾಸಿಯಾಯಿತು" ಎಂದು ಹೇಳಿ ಕಳುಹಿಸಿದೆ. ನೋವಿಲ್ಲದ ಬೆನ್ನನ್ನೇ ಗುಣವಾದ ಬೆನ್ನೆಂದು ನಂಬಿದ್ದೆ. ಕೀಲು ಸವೆದಂತೆಯೇ ಇತ್ತು. ಸ್ಟೀರಾಯ್ಡ್ ಸವೆದ ಮೃದ್ವಸ್ಥಿಯನ್ನು ಬೆಳೆಸುವುದಿಲ್ಲ. ಇದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂತೆ ನಾನು ಹೇಳಬಲ್ಲೆ, ನನಗೆ ಮಾತ್ರ ಹೇಳಿಕೊಳ್ಳಲಿಲ್ಲ.

ಹನ್ನೊಂದನೆಯ ವಾರ ಮುಗಿಯುವಾಗ ಸೊನ್ನೆಯ ಜಾಗದಲ್ಲಿ 2 ಬಂತು, ಮೂರೇ ದಿನದಲ್ಲಿ 5. ಅಮ್ಮನಿಗೆ ಹೇಳಲಿಲ್ಲ. ಮಗಳ ಬೆನ್ನು ಸರಿಹೋಯಿತೆಂದು ಅವರು ಬಂದವರೊಡನೆಲ್ಲ ಹೇಳಿಕೊಂಡು ಸಂತೋಷಪಟ್ಟಿದ್ದರು. ತನ್ನ ಭಾರದಿಂದಲೇ ನನಗೆ ಈ ಪಾಡು ಬಂತೆಂಬ ಕೊರಗು ಆ ಹನ್ನೊಂದು ವಾರ ಅವರಿಗಿರಲಿಲ್ಲ. ಅದನ್ನು ಕಸಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಒಂಬತ್ತು ದಿನ ಹಲ್ಲು ಕಚ್ಚಿ ಎತ್ತಿದೆ, ಕೂರಿಸಿದೆ, ಮಲಗಿಸಿದೆ. ಹತ್ತನೆಯ ದಿನ ಬೆಳಿಗ್ಗೆ ನಾನು ಕೈ ಚಾಚಿದಾಗ ಅವರು ಕೈ ಕೊಡಲಿಲ್ಲ. "ನಿನ್ನ ಉಸಿರು ಬದಲಾಗಿದೆ" ಎಂದರು. "ಎತ್ತುವ ಮೊದಲು ಉಸಿರು ಹಿಡಿಯುತ್ತೀಯ. ನಡುವೆ ಹಿಡೀತಿರಲಿಲ್ಲ." ಕಣ್ಣು ಮಬ್ಬಾದ ಎಂಬತ್ತೇಳರ ಮುದುಕಿಯಿಂದ ಒಂಬತ್ತು ದಿನ ಮುಚ್ಚಿಟ್ಟೆನೆಂದು ನಾನು ತಿಳಿದಿದ್ದೆ. ಮೊದಲ ದಿನವೇ ಅವರಿಗೆ ಗೊತ್ತಾಗಿತ್ತು. ಆ ದಿನ ಮಧ್ಯಾಹ್ನದವರೆಗೂ ಅವರು ಹಾಸಿಗೆ ಬಿಟ್ಟು ಏಳಲು ಒಪ್ಪಲಿಲ್ಲ.

ಆಮೇಲೆಯೇ ನಾನು ಈ "ಎಷ್ಟು ದಿನ" ಎಂಬುದನ್ನು ಸರಿಯಾಗಿ ವಿಚಾರಿಸಹೊರಟದ್ದು. ತಮ್ಮನ ಮಗಳು ವೈದ್ಯಕೀಯ ಓದುತ್ತಿದ್ದಾಳೆ. ಬೇಸಗೆ ರಜೆಗೆ ಬಂದವಳನ್ನು ಕೂರಿಸಿಕೊಂಡು ಸಂಶೋಧನೆಗಳನ್ನು ಓದಿಸಿದೆ. ಕೆಲವು ಸಂಗತಿಗಳು ನಿದ್ದೆಗೆಡಿಸುವಂತಿದ್ದವು.

ಫಿನ್ಲೆಂಡಿನ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 109 ಬೆನ್ನುನೋವಿನ ರೋಗಿಗಳಿದ್ದರು. ಕೆಲವರಿಗೆ ಕೀಲಿನ ಒಳಕ್ಕೆ ಸ್ಟೀರಾಯ್ಡ್, ಕೆಲವರಿಗೆ ಅದೇ ಔಷಧಿ ಕೀಲಿನ ಸುತ್ತ, ಉಳಿದವರಿಗೆ ಕೀಲಿನೊಳಕ್ಕೆ ಬರೀ ಉಪ್ಪುನೀರು. ಮೂರೂ ಗುಂಪಿನಲ್ಲಿ ಎಷ್ಟೋ ಜನರಿಗೆ ನೋವು ತಗ್ಗಿತು. ಗುಂಪು ಗುಂಪಿಗೆ ವ್ಯತ್ಯಾಸವೇ ಕಾಣಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 1991ರಲ್ಲಿ ಬೆಳಕಿಗೆ ಬಂದ ಇನ್ನೊಂದು ಅಧ್ಯಯನ ಇನ್ನೂ ಎಚ್ಚರಿಕೆಯದು. ಅರಿವಳಿಕೆಯಿಂದ ಒಡನೆ ನೋವು ತಗ್ಗಿದವರನ್ನಷ್ಟೇ ಆರಿಸಿ, 49 ಮಂದಿಗೆ ಸ್ಟೀರಾಯ್ಡನ್ನೂ 48 ಮಂದಿಗೆ ಉಪ್ಪುನೀರನ್ನೂ ಕೊಟ್ಟರು. ಯಾರಿಗೆ ಯಾವುದೆಂದು ಅವರಿಗೆ ತಿಳಿಯದು. ಒಂದು ತಿಂಗಳ ಬಳಿಕ ಚೆನ್ನಾಗಿ ಗುಣ ಕಂಡಿತೆಂದವರು ಸ್ಟೀರಾಯ್ಡಿನ ಗುಂಪಿನಲ್ಲಿ ನೂರಕ್ಕೆ 42, ಉಪ್ಪುನೀರಿನ ಗುಂಪಿನಲ್ಲಿ ನೂರಕ್ಕೆ 33. ಮೊದಲ ತಿಂಗಳಿಂದ ಆರನೆಯ ತಿಂಗಳವರೆಗೂ ಆ ಗುಣ ಉಳಿಸಿಕೊಂಡವರು ಕ್ರಮವಾಗಿ ನೂರಕ್ಕೆ 22 ಹಾಗೂ 10.

ಉಪ್ಪುನೀರಿಗೆ ನೋವು ಹೋಗುವುದೇ? ಓದುಗರೇ, ನೀವು ನಕ್ಕಿರಬಹುದು; ನನಗೆ ಮಾತ್ರ ಅವಮಾನವಾಯಿತು. ನನ್ನ ಹನ್ನೊಂದು ವಾರಗಳೂ ಹಾಗೆಯೇ ಇದ್ದಿರಬಹುದಲ್ಲ! ಹುಡುಗಿ ಸಮಾಧಾನ ಮಾಡಿದಳು. ಬೆನ್ನುನೋವು ಸಮುದ್ರದ ಅಲೆಯಂತೆ ಏರಿಳಿಯುವಂಥದು. ಅತಿ ಹೆಚ್ಚಾದಾಗ ತಾನೇ ನಾವು ಆಸ್ಪತ್ರೆಯ ಬಾಗಿಲು ಬಡಿಯುವುದು? ಆಮೇಲೆ ಏನು ಮಾಡಿದರೂ, ಮಾಡದಿದ್ದರೂ, ಅದು ಸ್ವಲ್ಪ ಇಳಿಯುತ್ತದೆ. ಜೊತೆಗೆ ನಂಬಿಕೆಯಿಂದ ಮಲಗಿ ಎದ್ದ ದೇಹ ನೋವನ್ನು ನಿಜವಾಗಿಯೇ ಕಡಿಮೆ ಅನುಭವಿಸುತ್ತದೆ. ಅದು ಸುಳ್ಳು ಗುಣವಲ್ಲ. ಇಂಜೆಕ್ಷನ್ ಬಳಿಕದ ನೆಮ್ಮದಿಯಲ್ಲಿ ಔಷಧಿಯ ಪಾಲೆಷ್ಟು, ಕಾಲದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಒಬ್ಬ ರೋಗಿಯ ಮಟ್ಟಿಗೆ ಬಿಡಿಸಿ ಹೇಳಲು ಬರುವುದಿಲ್ಲ. ಹೀಗಾಗಿ ಕೆಲವರಿಗೆ ಅದು ದಿನಗಳ ಮಾತು, ಬಹಳ ಮಂದಿಗೆ ವಾರಗಳ ಮಾತು, ಅದೃಷ್ಟವಂತರಿಗೆ ಕೆಲವು ತಿಂಗಳುಗಳ ಮಾತು. "ವರ್ಷ ನಿಶ್ಚಿಂತೆ" ಎಂಬ ಮಾತಿಗೆ ಆಧಾರ ನಮಗೆಲ್ಲೂ ಸಿಗಲಿಲ್ಲ.

ಇಷ್ಟು ಓದಿಯೂ ಆಗಸ್ಟಿನಲ್ಲಿ ಎರಡನೆಯ ಇಂಜೆಕ್ಷನ್ ಹಾಕಿಸಿಕೊಂಡೆ. ನೋವು ತಿಂದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಸುರಿಮಳೆಯಲ್ಲಿ ಘಾಟಿ ಇಳಿದು ಹತ್ತಿ ಬಂದೆ. ಈ ಸಲದ ಗುಣ ಐದು ವಾರಕ್ಕೇ ಮುಗಿಯಿತು, ಸೊನ್ನೆ ಒಂದು ದಿನವೂ ಬರಲಿಲ್ಲ. ಮೂರನೆಯದನ್ನು ಕೇಳಿದಾಗ ವೈದ್ಯರು ಒಪ್ಪಲಿಲ್ಲ. ಮತ್ತೆ ಮತ್ತೆ ಸ್ಟೀರಾಯ್ಡ್ ಹಾಕುವುದು ಮೂಳೆಗೂ ಸಕ್ಕರೆಗೂ ಒಳ್ಳೆಯದಲ್ಲ, ಇದೇ ಕೀಲಿನ ನೋವೆಂದು ಮೊದಲು ಖಚಿತವಾಗಲಿ ಎಂದರು.

ಆ ಖಚಿತಪಡಿಸಿಕೊಳ್ಳುವ ವಿಧಾನ ವಿಜ್ಞಾನ ಶಿಕ್ಷಕಿಯ ಮನಸ್ಸಿಗೆ ಬಹಳ ಒಪ್ಪಿತು. ಕೀಲಿನ ನೋವನ್ನು ಮೆದುಳಿಗೆ ಒಯ್ಯುವ ಸಣ್ಣ ನರಗಳಿವೆ, ಸೊಂಟದ ಒಂದೊಂದು ಕೀಲಿಗೆ ಎರಡೆರಡು. ಅವುಗಳ ಬಳಿಗೆ ಒಂದು ದಿನ ಕಡಿಮೆ ಹೊತ್ತಿನ ಅರಿವಳಿಕೆಯನ್ನೂ ಇನ್ನೊಂದು ದಿನ ಹೆಚ್ಚು ಹೊತ್ತಿನದನ್ನೂ ತುಸುವೇ ಹಾಕುತ್ತಾರೆ. ಯಾವ ದಿನ ಯಾವುದೆಂದು ನನಗೆ ಹೇಳಲಿಲ್ಲ. ಅರ್ಧ ಗಂಟೆಗೊಮ್ಮೆ ನೋವಿನ ಅಂಕೆ ಬರೆಯುವುದಷ್ಟೇ ನನ್ನ ಕೆಲಸ. ನೋವು ನಿಜಕ್ಕೂ ಆ ಕೀಲಿನದ್ದಾದರೆ ಎರಡೂ ಸಲ ಹೋಗಬೇಕು, ಹೆಚ್ಚು ಹೊತ್ತಿನ ಔಷಧಿಯಿಂದ ಹೆಚ್ಚು ಹೊತ್ತು ಹೋಗಬೇಕು. ಈ ಎರಡನೆಯ ಪರೀಕ್ಷೆ ಏಕೆಂದರೆ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 176 ಮಂದಿಯ ಪೈಕಿ ನೂರಕ್ಕೆ 47ರಷ್ಟು ಜನ ಮೊದಲ ಸಲ ಗುಣ ಕಂಡಿತೆಂದರೂ ಎರಡನೆಯ ಸಲವೂ ಹಾಗೆಂದವರು ನೂರಕ್ಕೆ 15 ಮಾತ್ರ. ನೋವು ಎಲ್ಲಿಂದ ಬರುತ್ತಿದೆಯೆಂಬುದು ನೋಯುವವರಿಗೂ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ನನ್ನ ಹಾಳೆಯಲ್ಲಿ ಒಂದು ದಿನ ಎರಡು ಗಂಟೆ, ಇನ್ನೊಂದು ದಿನ ಏಳು ಗಂಟೆ ನೋವಿರಲಿಲ್ಲ. ಕೊಟ್ಟಿಗೆಹಾರದಲ್ಲಿ ಅಳಿಸಿದ್ದ ಗಡಿಯಾರವೇ ಈಗ ಸಾಕ್ಷಿ ಹೇಳಿತು.

2025ರ ಜನವರಿಯಲ್ಲಿ ಆ ನರಗಳನ್ನು ಸುಟ್ಟರು. ಸುಡುವುದೆಂದರೆ ಬೆಚ್ಚಬೇಡಿ, ರೇಡಿಯೋ ಫ್ರೀಕ್ವೆನ್ಸಿ ಎನ್ನುತ್ತಾರೆ, ಸೂಜಿಯ ತುದಿಯನ್ನು ಸುಮಾರು 80 ಡಿಗ್ರಿಯವರೆಗೆ ಒಂದು ಒಂದೂವರೆ ನಿಮಿಷ ಕಾಯಿಸುತ್ತಾರೆ. ಎರಡು ವಾರ ಬೆನ್ನು ಕೆರೆದಂತೆ ಉರಿಯಿತು, ಆಮೇಲೆ ಅಂಕೆ ಇಳಿಯಿತು. ಇದರ ಕಾಲಾವಧಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಎನ್ನುತ್ತಾರೆ. ನರಗಳು ಪುನಃ ಬೆಳೆಯುತ್ತವೆ. ಬೆಳೆದಾಗ ನೋವೂ ಮರಳುತ್ತದೆ. ಕುತ್ತಿಗೆಯ ಕೀಲುಗಳ ಬಗ್ಗೆ 1996ರ ಒಂದು ಚಿಕ್ಕ ಅಧ್ಯಯನದಲ್ಲಿ, ಅರ್ಧದಷ್ಟು ನೋವು ಮರಳಲು ನಿಜವಾಗಿ ನರ ಸುಟ್ಟವರಲ್ಲಿ ನಡುಮಟ್ಟದಲ್ಲಿ 263 ದಿನ ಹಿಡಿದರೆ, ಸುಟ್ಟಂತೆ ನಟಿಸಿದವರಲ್ಲಿ 8 ದಿನ. ಆ ಎಂಟು ದಿನಗಳ ಮೇಲೂ ನನಗೇಕೋ ಗೌರವ.

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಸುಖಾಂತವಾಗುತ್ತಿತ್ತು. ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ಸಂಕೋಚದಿಂದಲೇ ಒಂದು ಲೇಖನ ಕಳುಹಿಸಿದಳು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2025ರ ಫೆಬ್ರವರಿಯಲ್ಲಿ ಪ್ರಕಟವಾದ ಮಾರ್ಗಸೂಚಿ. ಮೂರು ತಿಂಗಳಿಗೂ ಮೀರಿದ ಬೆನ್ನುನೋವಿಗೆ, ಕ್ಯಾನ್ಸರ್ ಅಥವಾ ಉರಿಯೂತದ ಸಂಧಿವಾತ ಇಲ್ಲದಿದ್ದರೆ, ಕೀಲಿನ ಇಂಜೆಕ್ಷನ್ನೂ ಬೇಡ, ನರ ಸುಡುವುದೂ ಬೇಡ ಎಂದು ಅದು ಖಂಡಿತವಾಗಿ ಹೇಳುತ್ತದೆ. ನೋವಿನ ಚಿಕಿತ್ಸೆಯ ತಜ್ಞರ ಸಂಘಗಳು ಅದನ್ನು ಒಪ್ಪದೆ ಉತ್ತರ ಬರೆದವು. ಬ್ರಿಟನ್ನಿನದೇ 2016ರ ಸರ್ಕಾರಿ ಮಾರ್ಗಸೂಚಿ ಇಂಜೆಕ್ಷನ್ ಬೇಡವೆಂದರೂ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ನರ ಸುಡುವುದನ್ನು ಪರಿಗಣಿಸಬಹುದೆಂದಿತ್ತು. ನೆದರ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವಂತೂ ವ್ಯಾಯಾಮದ ಜೊತೆಗೆ ನರ ಸುಟ್ಟರೂ, ಬರೀ ವ್ಯಾಯಾಮಕ್ಕಿಂತ ಹೇಳಿಕೊಳ್ಳುವಂಥ ಲಾಭವಿಲ್ಲವೆಂದಿತ್ತು. ಪಂಡಿತರೇ ಹೀಗೆ ಇಬ್ಭಾಗವಾದಾಗ ನಾನು ತೀರ್ಪು ಕೊಡಲಾರೆ. ನನಗೆ ಕಂಡದ್ದಿಷ್ಟು: ಆ ಅಧ್ಯಯನಗಳಲ್ಲೆಲ್ಲ ಉಳಿದುಕೊಂಡು ಬಂದ ಒಂದು ಪದವನ್ನು ನಾನು ಪುಸ್ತಕದೊಳಗೆ ಮಡಿಸಿ ಇಟ್ಟಿದ್ದೆ. ವ್ಯಾಯಾಮದ ಆ ಹಾಳೆ.

ಹಾಳೆಯನ್ನು ತೆಗೆದದ್ದು ಅಮ್ಮ ಕೇಳಿದ ಮೇಲೆ. ನರ ಸುಟ್ಟು ಬಂದ ವಾರ, "ಇದು ಎಷ್ಟು ದಿನದ್ದು?" ಎಂದು ಅವರೇ ಕೇಳಿದರು. ಹಿಂದಿನಂತೆ "ವಾಸಿಯಾಯಿತಮ್ಮ" ಎನ್ನಲು ಬಾಯಿ ಬರಲಿಲ್ಲ. "ಗೊತ್ತಿಲ್ಲ. ಆರು ತಿಂಗಳಿರಬಹುದು, ಹತ್ತಿರಬಹುದು. ಆಮೇಲೆ ಬರುತ್ತದೆ" ಎಂದೆ. ಅವರು ಬಹಳ ಹೊತ್ತು ಮಾಡಿನ ಹಂಚು ನೋಡುತ್ತ ಮಲಗಿದ್ದರು. ಮುಚ್ಚಿಟ್ಟಾಗ ಕೊರಗಿದ ಹಾಗೆ ಕೊರಗಲಿಲ್ಲ. "ಹಾಗಾದರೆ ಆ ಹುಡುಗಿಯನ್ನು ಬರಹೇಳು" ಎಂದರು, "ನನ್ನ ಪಿಂಚಣಿಯಿಂದ ಕೊಡು."

ಆಕೆ ಬೆಳಿಗ್ಗೆ ಏಳೂವರೆಗೂ ಸಂಜೆ ಐದಕ್ಕೂ ಬರುತ್ತಾಳೆ. ಆಸ್ಪತ್ರೆಯ ವ್ಯಾಯಾಮ ತಜ್ಞೆ ಹೇಳಿಕೊಟ್ಟಂತೆ ಹಾಸಿಗೆಯಡಿ ಜಾರುವ ಬಟ್ಟೆ ಹಾಸಿ, ಎತ್ತದೆ ಎಳೆಯುತ್ತೇವೆ. ಇಷ್ಟು ಸರಳ ಉಪಾಯ ಮೂರು ವರ್ಷ ನಮಗೇಕೆ ತಿಳಿಯಲಿಲ್ಲವೋ! ಸೊಂಟ ಬಗ್ಗಿಸುವುದಿಲ್ಲ, ಮೊಣಕಾಲು ಮಡಿಸುತ್ತೇನೆ. ಬೆಳಿಗ್ಗೆ ಚಾಪೆಯ ಮೇಲೆ ನಾನು ಮಲಗಿ ಸೊಂಟ ಎತ್ತಿ ಹತ್ತು ಎಣಿಸುವಾಗ ಅಮ್ಮ ಮಂಚದ ಮೇಲಿಂದಲೇ ಎಣಿಸುತ್ತಾರೆ, ಏಳಾದ ಮೇಲೆ ಬೇಕೆಂದೇ ನಿಧಾನ ಮಾಡುತ್ತಾರೆ. ಮೆಣಸನ್ನು ಈ ವರ್ಷ ಆಳುಗಳೇ ಒಣಗಿಸಿದರು. ಹಪ್ಪಳ ಒತ್ತಲಿಲ್ಲ, ತಮ್ಮನ ಹೆಂಡತಿ ಕಳುಹಿಸಿದಳು, ಸ್ವಲ್ಪ ದಪ್ಪವಾಗಿತ್ತು.

ಈಗ ಅಕ್ಟೋಬರ್, ಒಂಬತ್ತನೆಯ ತಿಂಗಳು. ಕಳೆದ ವಾರದ ಚೌಕಗಳಲ್ಲಿ 1, 1, 2, 1, 2, 2, 3 ಎಂದಿದೆ. ಅದನ್ನು ಅಮ್ಮನಿಗೆ ಓದಿ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಕೇಳುತ್ತಾರೆ, ಇವತ್ತಿನದೂ ಬರೆದಿಡಬೇಕು.